‘ಈ ಪಂದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುವವರಿಗೆ ಒಂದು ಬಹಿರಂಗ ಪತ್ರ

ಲೀಗುಗಳನ್ನು ನಡೆಸುವವರಿಗೆ, ಪ್ರಸಾರದ ಹಕ್ಕು ಮಾರುವವರಿಗೆ, ಆ ಹಕ್ಕನ್ನು ಕೊಂಡು ನಮಗೆ ತೋರಿಸುವವರಿಗೆ,

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ. ಏಳೆಂಟು ವರ್ಷ ನಾನು ಕದ್ದ ಲಿಂಕುಗಳಲ್ಲೇ, ಅಂದರೆ ಹಕ್ಕಿಲ್ಲದೆ ಪಂದ್ಯ ತೋರಿಸುವ ಅಕ್ರಮ ತಾಣಗಳಲ್ಲೇ, ಆಟ ನೋಡಿದವನು. ಪಂದ್ಯ ಶುರುವಾಗಲು ಹತ್ತು ನಿಮಿಷ ಇರುವಾಗ ಗುಂಪಿನಲ್ಲಿ ‘ಲಿಂಕ್ ಇದ್ರೆ ಹಾಕ್ರಪ್ಪ’ ಎಂದು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬ. ಎಷ್ಟೋ ಸಲ ಹಾಕುತ್ತಿದ್ದವನೂ ನಾನೇ.

ಬಿಟ್ಟಿದ್ದು ಜ್ಞಾನೋದಯವಾಗಿ ಅಲ್ಲ. ಒಂದು ಸೆಮಿಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋಗಿತ್ತು. ನಾಲ್ಕನೇ ಒದೆತಕ್ಕೆ ಆಟಗಾರ ಓಡಿ ಬರುತ್ತಿದ್ದಾನೆ, ಚಿತ್ರ ನಿಂತೇಹೋಯಿತು. ಅದರ ಮೇಲೆ ಬೆಟ್ಟಿಂಗ್ ಜಾಹೀರಾತು ಬಂದು ಕೂತಿತು. ಅದನ್ನು ಮುಚ್ಚಲೆಂದು ಮೂಲೆಯಲ್ಲಿದ್ದ ಗುರುತು ನಕಲಿ. ಒತ್ತಿದರೆ ಇನ್ನೆರಡು ಕಿಟಕಿ ತೆರೆದುಕೊಂಡವು. ಇನ್ನೊಂದು ಮಿರರ್ (ಅದೇ ತಾಣದ ನಕಲು) ಹುಡುಕಿ ಬರುವಷ್ಟರಲ್ಲಿ ಮೈದಾನದಲ್ಲಿ ಎಲ್ಲರೂ ಅಳುತ್ತಿದ್ದರು. ಅದು ಗೆದ್ದವರ ಅಳುವೋ ಸೋತವರ ಅಳುವೋ ತಿಳಿಯಲು ಮತ್ತೆ ಅರ್ಧ ನಿಮಿಷ ಬೇಕಾಯಿತು. ಅದೇ ಸೀಸನ್ನಿನಲ್ಲಿ, ‘ನೋಂದಣಿ ಉಚಿತ, ಕಾರ್ಡ್ ಸಂಖ್ಯೆ ಕೇಳುವುದು ವಯಸ್ಸಿನ ಖಾತರಿಗೆ ಮಾತ್ರ’ ಎಂದ ಒಂದು ತಾಣವನ್ನು ನಂಬಿ ಕಾರ್ಡ್ ಸಂಖ್ಯೆಯನ್ನೂ ಕೊಟ್ಟಿದ್ದೆ. ಎರಡು ತಿಂಗಳು ಕಳೆದ ಮೇಲೆ ಗುರುತು ಪರಿಚಯವಿಲ್ಲದ ಹೆಸರಿನಲ್ಲಿ ಸಣ್ಣ ಸಣ್ಣ ಮೊತ್ತಗಳು ಕಡಿತವಾಗತೊಡಗಿದವು. ಕದ್ದ ಮಾಲು ಕೊಳ್ಳಲು ಹೋಗಿ ಜೇಬು ಕತ್ತರಿಸಿಕೊಂಡವನು ಯಾರ ಮುಂದೆ ಹೇಳಿಕೊಳ್ಳಬೇಕು?

ಸರಿ, ಇನ್ನು ದುಡ್ಡು ಕೊಟ್ಟೇ ನೋಡೋಣ ಎಂದು ನಿಮ್ಮ ಬಾಗಿಲಿಗೆ ಬಂದೆ. ಖಾತೆ ತೆರೆದೆ, ಚಂದಾ ಕಟ್ಟಿದೆ, ಪಂದ್ಯದ ಹೆಸರು ಒತ್ತಿದೆ. ಕಪ್ಪು ಪರದೆಯ ನಡುವೆ ಬಿಳಿ ಅಕ್ಷರದಲ್ಲಿ ನೀವು ಬರೆದಿದ್ದಿರಿ: ಈ ಪಂದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಯಾಕಿಲ್ಲ, ಯಾರ ಬಳಿ ಇದೆ, ಯಾವಾಗ ಸಿಗುತ್ತದೆ, ಒಂದೂ ಇಲ್ಲ. ಈ ಪತ್ರ ಆ ಒಂದು ಸಾಲಿಗೆ ಉತ್ತರ.

ಕದ್ದು ನೋಡುವವರನ್ನೆಲ್ಲ ನೀವು ಒಂದೇ ಚೀಲಕ್ಕೆ ತುಂಬುತ್ತೀರಿ. ಒಳಗಿದ್ದು ಬಂದವನಾಗಿ ಹೇಳುತ್ತೇನೆ, ಅಲ್ಲಿ ಕನಿಷ್ಠ ಮೂರು ಬಗೆಯವರಿದ್ದಾರೆ. ಎಷ್ಟೇ ಸುಲಭ ಮಾಡಿದರೂ, ಎಷ್ಟೇ ಅಗ್ಗ ಮಾಡಿದರೂ ಒಂದು ಕಾಸೂ ಬಿಚ್ಚದವನೊಬ್ಬ. ಅವನ ವಕಾಲತ್ತು ನನಗೆ ಬೇಡ. ಅದೇ ಆಟ ನಾಲ್ಕು ಸೇವೆಗಳಲ್ಲಿ ಹಂಚಿಹೋಗಿ, ಲೀಗ್ ಒಂದೆಡೆ, ಕಪ್ ಇನ್ನೊಂದೆಡೆ, ದೇಶದ ತಂಡ ಮತ್ತೊಂದೆಡೆ ಆಗಿ, ಎಲ್ಲಕ್ಕೂ ಕಟ್ಟಿ ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಸೋತವನು ಎರಡನೆಯವನು. ಮೂರನೆಯವನಿಗೆ ಕೊಳ್ಳಲು ಏನೂ ಇಲ್ಲವೇ ಇಲ್ಲ. ಅವನು ಇರುವಲ್ಲಿ ಆ ಪಂದ್ಯವನ್ನು ಯಾರೂ ಮಾರುತ್ತಿಲ್ಲ, ಅಥವಾ ಮಾರಬೇಕಾದವರೇ ಮುಚ್ಚಿಟ್ಟಿದ್ದಾರೆ. ನಿಮ್ಮ ಪತ್ರಿಕಾ ಹೇಳಿಕೆಗಳಲ್ಲಿ ಮೊದಲನೆಯವನು ಮಾತ್ರ ಕಾಣುತ್ತಾನೆ.

ಮೂರನೆಯವನು ನನ್ನ ಕಲ್ಪನೆಯಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೇಜರ್ ಲೀಗ್ ಬೇಸ್‌ಬಾಲಿನ ಒಂದು ತಂಡವೂ ಇಲ್ಲ. ಆದರೂ ಲೀಗಿನದೇ ಸ್ಟ್ರೀಮಿಂಗ್ ಸೇವೆಗೆ ಹಣ ಕಟ್ಟಿದ ಅಲ್ಲಿನ ಅಭಿಮಾನಿಗೆ ವರ್ಷಗಟ್ಟಲೆ ಆರು ತಂಡಗಳ ಪಂದ್ಯಗಳು ಬ್ಲ್ಯಾಕೌಟ್ ಆಗಿದ್ದವು, ಅಂದರೆ ಆ ಪ್ರದೇಶಕ್ಕೆ ನೇರಪ್ರಸಾರ ಬಂದ್. ಶಿಕಾಗೋದ ಎರಡು, ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಮಿಲ್ವಾಕಿ, ಮಿನ್ನೆಸೋಟ, ಸುತ್ತಲಿನ ಎಲ್ಲರೂ ಅಯೋವಾ ತಮ್ಮ ವಲಯ ಎಂದವರೇ. ಅವನು ಒಲಿದಿರುವುದು ಸಾಮಾನ್ಯವಾಗಿ ಈ ಆರರಲ್ಲಿ ಒಂದಕ್ಕೆ. ದೂರದ ಇಪ್ಪತ್ತನಾಲ್ಕು ತಂಡಗಳನ್ನು ಬೇಕಾದಷ್ಟು ನೋಡಬಹುದು, ತನ್ನ ತಂಡವನ್ನಲ್ಲ! ಇಂಗ್ಲೆಂಡಿನ ಕಥೆ ಇನ್ನೂ ಹಳೆಯದು. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಫುಟ್‌ಬಾಲಿನ ನೇರಪ್ರಸಾರ ಅಲ್ಲಿ ಕೂಡದು. 1960ರ ದಶಕದ ನಿಯಮ. ಜನ ಮನೆಯಲ್ಲೇ ಕೂತರೆ ಸಣ್ಣ ಕ್ಲಬ್ಬುಗಳ ಗೇಟು ಬರಿದಾದೀತು ಎಂಬ ಕಾಳಜಿಯಿಂದ ಹುಟ್ಟಿದ್ದು, ಆ ಕಾಳಜಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅದರ ಇಂದಿನ ಫಲ ನೋಡಿ. ಪ್ರೀಮಿಯರ್ ಲೀಗಿನ ಶನಿವಾರ ಮೂರು ಗಂಟೆಯ ಪಂದ್ಯವನ್ನು ಭೂಮಿಯ ಇನ್ನೊಂದು ತುದಿಯಲ್ಲಿರುವವನು ಚಂದಾ ಕಟ್ಟಿ ನೋಡುತ್ತಾನೆ. ಮೈದಾನದಿಂದ ಎರಡು ಬೀದಿ ಆಚೆ ಇರುವ, ಟಿಕೆಟ್ ಸಿಗದವನಿಗೆ ಕಾನೂನಿನೊಳಗೆ ಯಾವ ದಾರಿಯೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ.

ನೀವು ಹೇಳುತ್ತೀರಿ: ಆಟ ನಮ್ಮದು, ಯಾರಿಗೆ ಎಲ್ಲಿ ತೋರಿಸಬೇಕು ಎಂಬುದು ನಮ್ಮಿಷ್ಟ. ಆಟ ನಿಮ್ಮದೇ? ಈ ಪ್ರಶ್ನೆ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಸಿಡ್ನಿಯ ವಿಕ್ಟೋರಿಯಾ ಪಾರ್ಕ್ ಎಂಬ ಕುದುರೆ ರೇಸಿನ ಬಯಲಿನ ಪಕ್ಕದ ಮನೆಯವನೊಬ್ಬ ತನ್ನ ಅಂಗಳದಲ್ಲಿ ಎತ್ತರದ ಅಟ್ಟಣೆ ಕಟ್ಟಿಸಿದ. ಅದರ ಮೇಲೆ ನಿಂತು ಬೇಲಿಯಾಚೆ ಕಣ್ಣಿಟ್ಟು ರೇಡಿಯೊಗೆ ರೇಸಿನ ವರ್ಣನೆ ಹೇಳಿದರು. ಜನ ಗೇಟಿಗೆ ಬರುವುದು ಕಡಿಮೆಯಾಯಿತು, ಮಾಲೀಕರು ಕೋರ್ಟಿಗೆ ಹೋದರು. 1937ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು ಬಹುಮತದಿಂದ ಅವರ ಅರ್ಜಿ ತಳ್ಳಿತು: ಕಣ್ಣಿಗೆ ಕಾಣುವ ನೋಟಕ್ಕೆ ಯಾರೂ ಒಡೆಯರಲ್ಲ. ಮರುವರ್ಷವೇ, 1938ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಇಂಥದೇ ದಾವೆ. ಫೋರ್ಬ್ಸ್ ಫೀಲ್ಡ್ ಮೈದಾನದ ಹೊರಗಿನ ಎತ್ತರದ ಜಾಗದಲ್ಲಿ ತನ್ನ ಜನರನ್ನು ಕೂರಿಸಿ ರೇಡಿಯೊ ಕೇಂದ್ರವೊಂದು ಬೇಸ್‌ಬಾಲ್ ಸುದ್ದಿಯನ್ನು ಚೆಂಡು ಚೆಂಡಿಗೂ ಬಿತ್ತರಿಸುತ್ತಿತ್ತು. ಅಲ್ಲಿನ ಕೋರ್ಟು ನೇರ ಉಲ್ಟಾ ತೀರ್ಪು ಕೊಟ್ಟಿತು. ಪ್ರಸಾರದ ಹಕ್ಕನ್ನು ತಂಡ ಬೇರೆಯವರಿಗೆ ಮಾರಿದೆ, ನೀವು ಬಿತ್ತಿಲ್ಲ, ಕೊಯ್ಯಬೇಡಿ ಎಂಬ ಅರ್ಥದ ಆದೇಶ. ಹೀಗೆ ಕಳ್ಳತನದ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದ ತಂಡದ ಹೆಸರೇನು ಗೊತ್ತೇ? ಪೈರೇಟ್ಸ್, ಅಂದರೆ ಕಡಲ್ಗಳ್ಳರು.

ಇನ್ನೂ ಹತ್ತಿರದ್ದೊಂದಿದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಪಬ್ ನಡೆಸುತ್ತಿದ್ದ ಕರೆನ್ ಮರ್ಫಿ ಎಂಬಾಕೆ ಗ್ರೀಸಿನ ಚಾನೆಲ್ಲಿನ ಡಿಕೋಡರ್ ಕಾರ್ಡ್ (ಚಂದಾದಾರರಿಗೆ ಚಾನೆಲ್ ತೆರೆದುಕೊಡುವ ಕಾರ್ಡ್) ತರಿಸಿ ಪ್ರೀಮಿಯರ್ ಲೀಗ್ ತೋರಿಸುತ್ತಿದ್ದರು. ದುಡ್ಡು ಕೊಟ್ಟ ಕಾರ್ಡೇ, ಆದರೆ ಬೇರೆ ದೇಶದ ಬೆಲೆಯಲ್ಲಿ. ಪ್ರಕರಣ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 2011ರ ಅಕ್ಟೋಬರಿನ ತೀರ್ಪಿನಲ್ಲಿ ಎರಡು ಮಾತಿದ್ದವು. ಆಕೆಯ ಪರವಾದದ್ದು: ಐರೋಪ್ಯ ಒಕ್ಕೂಟದೊಳಗಿನ ಇನ್ನೊಂದು ದೇಶದ ಕಾರ್ಡನ್ನು ಹೀಗೆ ನಿಷೇಧಿಸುವಂತಿಲ್ಲ, ಪಂದ್ಯವೆಂಬುದು ತಾನಾಗಿ ಕೃತಿಸ್ವಾಮ್ಯ ಪಡೆಯುವ ಕೃತಿಯೇ ಅಲ್ಲ. ನಿಮ್ಮ ಪರವಾದದ್ದು: ಪ್ರಸಾರದೊಳಗಿನ ಲಾಂಛನ, ಆರಂಭದ ಸಂಗೀತ, ಮೊದಲೇ ಸಿದ್ಧಪಡಿಸಿದ ತುಣುಕುಗಳು, ಇವೆಲ್ಲ ಕೃತಿಗಳೇ. ಚೆಂಡು ಬಲೆಗೆ ಬಿದ್ದದ್ದು ಯಾರ ಆಸ್ತಿಯೂ ಅಲ್ಲ, ಅದರ ಮೂಲೆಯಲ್ಲಿ ಮಿನುಗುವ ಲೋಗೋ ಮಾತ್ರ ನಿಮ್ಮದು ಎಂದಂತಾಯಿತು. ಮರುವರ್ಷ ಆಕೆಯ ಮೇಲಿದ್ದ ಶಿಕ್ಷೆ ರದ್ದಾಯಿತು.

ಇದನ್ನೆಲ್ಲ ಹೇಳಿದ್ದು ಕದಿಯಲು ಪರವಾನಗಿ ಕೇಳುವುದಕ್ಕಲ್ಲ. ಇಪ್ಪತ್ತು ಮೂವತ್ತು ಕ್ಯಾಮೆರಾ, ಅವುಗಳ ಹಿಂದೆ ನಿಂತ ಜನ, ಮಳೆಯಲ್ಲಿ ಕೇಬಲ್ ಎಳೆಯುವವರು, ವೀಕ್ಷಕ ವಿವರಣೆಗಾರರು, ಸರ್ವರುಗಳು, ಇದಕ್ಕೆಲ್ಲ ಯಾರಾದರೂ ಕೊಡಲೇಬೇಕು. ಕದ್ದ ಸ್ಟ್ರೀಮಿನವನು ನಿಮ್ಮದೇ ಚಿತ್ರದ ಔಟ್‌ಪುಟ್ ಹಿಡಿದು ಮರುಪ್ರಸಾರ ಮಾಡುತ್ತಾನೆಯೇ ಹೊರತು ಮೈದಾನಕ್ಕೆ ಒಂದು ಕ್ಯಾಮೆರಾವನ್ನೂ ಕಳಿಸಿದವನಲ್ಲ. ದೊಡ್ಡ ಲೀಗಿಗೆ ಅವನು ಕೊಡುವ ಪೆಟ್ಟನ್ನು ದೊಡ್ಡ ಲೀಗು ತಡೆದುಕೊಳ್ಳುತ್ತದೆ. ಕೆಳ ಹಂತದ ಲೀಗಿಗೆ, ಈಗಷ್ಟೇ ಪ್ರೇಕ್ಷಕರನ್ನು ಕಟ್ಟುತ್ತಿರುವ ಮಹಿಳೆಯರ ಟೂರ್ನಿಗೆ, ಆ ಚಂದಾವೇ ಕ್ಯಾಮೆರಾದ ಬಾಡಿಗೆ.

ಶಿಕಾಗೋದ ರಿಗ್ಲೀ ಫೀಲ್ಡ್ ಮೈದಾನದ ಎದುರಿನ ಕಟ್ಟಡಗಳ ಮಾಲೀಕರು ತಾರಸಿಯ ಮೇಲೆ ಸಾಲುಬೆಂಚು ಹಾಕಿ, ಹಣ ಪಡೆದು ಆಟ ತೋರಿಸುತ್ತಿದ್ದರು. ಅಲ್ಲಿ ಆಡುವ ಬೇಸ್‌ಬಾಲ್ ತಂಡ ಕಬ್ಸ್ 2002ರಲ್ಲಿ ಅವರನ್ನು ಕೋರ್ಟಿಗೆ ಎಳೆಯಿತು. ಕೊನೆಗೆ 2004ರಲ್ಲಿ ಬಂದದ್ದು ರಾಜಿ: ತಾರಸಿಯವರು ವರಮಾನದ ಶೇ 17ರಷ್ಟನ್ನು ತಂಡಕ್ಕೆ ಕೊಡಬೇಕು, ಆಟ ತೋರಿಸುವುದು ಮುಂದುವರಿಯಲಿ. ಗೋಡೆ ಎತ್ತರಿಸುತ್ತಾ ಕೂರುವುದಕ್ಕಿಂತ ತಾರಸಿಗೆ ಒಂದು ಗೇಟು ಇಡುವುದು ಲಾಭ ಎಂದು ಯಾರಿಗೋ ಹೊಳೆದಿತ್ತು. ನಿಮಗೆ ಹೊಳೆಯುತ್ತಿರುವುದು ಇನ್ನೂ ಗೋಡೆಯೇ.

ಆ ಗೋಡೆಯ ವಿಚಾರಕ್ಕೆ ಬರುತ್ತೇನೆ. ಸಿನಿಮಾ ಕದ್ದರೆ ಅದು ನಾಳೆಯೂ ಮಾರಾಟವಾದೀತು. ಆಟದ ಬೆಲೆ ಇರುವುದು ನಡೆಯುತ್ತಿರುವಾಗ ಮಾತ್ರ, ಅಂತಿಮ ಸೀಟಿ ಊದಿದ ಮರುಕ್ಷಣ ಅದು ಸುದ್ದಿ. ಅದಕ್ಕೇ ನಿಮಗೆ ಅವಸರ, ಅರ್ಥವಾಗುತ್ತದೆ. ಇಟಲಿ 2024ರ ಫೆಬ್ರವರಿಯಲ್ಲಿ ಕದ್ದ ಪ್ರಸಾರ ತಡೆಯುವ ‘ಪೈರಸಿ ಶೀಲ್ಡ್’ ವ್ಯವಸ್ಥೆ ಶುರುಮಾಡಿತು. ದೂರು ಬಂದ 30 ನಿಮಿಷದೊಳಗೆ ವಿಳಾಸವನ್ನು ತಡೆಯಬೇಕು. ಫುಟ್‌ಬಾಲಿನಲ್ಲಿ ಮೂವತ್ತು ನಿಮಿಷವೆಂದರೆ ಪಂದ್ಯದ ಮೂರನೇ ಒಂದು ಭಾಗ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಗುಂಪಿನಲ್ಲಿ ಮೂರು ಹೊಸ ಲಿಂಕ್ ಬಂದಿರುತ್ತವೆ. ಸರಿ, ಅವಸರವಾದರೂ ಗುರಿಯಿಟ್ಟು ಹೊಡೆದರೇ? ಅದೇ ವರ್ಷದ ಅಕ್ಟೋಬರಿನಲ್ಲಿ ಆ ವ್ಯವಸ್ಥೆ ಗೂಗಲ್ ಡ್ರೈವ್‌ನ ವಿಳಾಸವೊಂದನ್ನೇ ತಡೆದುಬಿಟ್ಟಿತು. ಫುಟ್‌ಬಾಲಿನ ಗೊಡವೆಯೇ ಇಲ್ಲದವರ ಕಡತಗಳು ಗಂಟೆಗಟ್ಟಲೆ ಕೈಗೆ ಸಿಗಲಿಲ್ಲ. ಸ್ಪೇನಿನಲ್ಲಿ 2025ರಿಂದ ಅಲ್ಲಿನ ಫುಟ್‌ಬಾಲ್ ಲೀಗ್ ಲಾಲಿಗಾದ ಪಂದ್ಯದ ಹೊತ್ತಿಗೆ, ಅಸಂಖ್ಯ ತಾಣಗಳ ಸಂಚಾರ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಹಂಚಿಕೆಯ ಐಪಿ ವಿಳಾಸಗಳಿಗೆ (ಇಂಟರ್ನೆಟ್ಟಿನಲ್ಲಿ ಯಂತ್ರದ ಗುರುತು ಸಂಖ್ಯೆಗಳಿಗೆ) ತಡೆ ಬೀಳುತ್ತಿದೆ. ಒಂದೇ ವಿಳಾಸದ ಹಿಂದೆ ನೂರಾರು ತಾಣಗಳಿರುವುದರಿಂದ ಏನೂ ಅರಿಯದ ಅಂಗಡಿಗಳ, ಸಂಸ್ಥೆಗಳ ತಾಣಗಳೂ ಕತ್ತಲಾಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಡೆಸುವವರನ್ನು ಹಿಡಿಯುವುದಕ್ಕೆ ನನ್ನ ತಕರಾರಿಲ್ಲ. 2025ರ ಆಗಸ್ಟಿನಲ್ಲಿ ಈಜಿಪ್ಟಿನ ಪೊಲೀಸರ ನೆರವಿನಿಂದ ಕದ್ದ ಆಟ ತೋರಿಸುತ್ತಿದ್ದ ಸ್ಟ್ರೀಮ್‌ಈಸ್ಟ್ ಜಾಲದ 80 ಡೊಮೇನುಗಳನ್ನು (ತಾಣದ ಹೆಸರುಗಳನ್ನು) ಮುಚ್ಚಿಸಲಾಯಿತು. ಮುಚ್ಚಿಸಿದವರ ಲೆಕ್ಕದಲ್ಲೇ ಅವಕ್ಕೆ ಒಂದು ವರ್ಷದಲ್ಲಿ 160 ಕೋಟಿ ಭೇಟಿಗಳು. ಆದರೆ ನೀವು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಪ್ರಕರಣ ಇಂಗ್ಲೆಂಡಿನದು. 2023ರ ಮೇ ತಿಂಗಳಲ್ಲಿ ‘ಫ್ಲಾಲೆಸ್’ ಎಂಬ ಅಕ್ರಮ ಐಪಿಟಿವಿ (ಇಂಟರ್ನೆಟ್ ಮೂಲಕ ಟಿವಿ) ಜಾಲದ ಐವರಿಗೆ ಒಟ್ಟು 30 ವರ್ಷಕ್ಕೂ ಹೆಚ್ಚು ಸೆರೆವಾಸವಾಯಿತು, ಮುಖ್ಯಸ್ಥನೊಬ್ಬನಿಗೇ 11 ವರ್ಷ. ಎಲ್ಲರೂ ಶಿಕ್ಷೆಯ ಅಂಕಿ ನೋಡಿದರು. ನಾನು ನೋಡಿದ್ದು ಇನ್ನೊಂದನ್ನು. ಆ ಕಳ್ಳ ಜಾಲಕ್ಕೆ 50,000ಕ್ಕೂ ಹೆಚ್ಚು ಗಿರಾಕಿಗಳಿದ್ದರು, ಅವರಿಂದ ಬಂದ ಹಣ 70 ಲಕ್ಷ ಪೌಂಡಿಗೂ ಹೆಚ್ಚು. ಬಿಟ್ಟಿಗೆ ಬಂದವರಲ್ಲ ಇವರು, ತಿಂಗಳು ತಿಂಗಳು ಚಂದಾ ಕಟ್ಟಿದವರು. ಕಳ್ಳನಿಗೆ ತಪ್ಪದೆ ದುಡ್ಡು ಕೊಡುವವನನ್ನು ‘ಬಿಟ್ಟಿ ಬೇಕು ಅನ್ನುವವನು’ ಎಂದು ಬೈಯುವುದು ಹೇಗೆ? ಕಳ್ಳನ ಅಂಗಡಿಯಲ್ಲಿ ಎಲ್ಲ ಪಂದ್ಯವೂ ಒಂದೇ ಪಟ್ಟಿಯಲ್ಲಿ ಸಿಗುತ್ತಿತ್ತು, ಯಾವ ಪ್ರದೇಶ ಎಂದು ಯಾರೂ ಕೇಳುತ್ತಿರಲಿಲ್ಲ. ಕದ್ದ ಮಾಲು ಎಂಬುದೊಂದನ್ನು ಬಿಟ್ಟರೆ, ನೀವು ಕೊಡಬೇಕಿದ್ದ ಸೇವೆಯೇ ಅದು.

ಒಂದೇ ತಂಡ ಬೇಕಾದವನು ಯಾಕೆ ಇಡೀ ಸಂತೆಯನ್ನೇ ಕೊಳ್ಳಬೇಕು? ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ‘ಸಂಡೇ ಟಿಕೆಟ್’ ಎಂಬ ಪಂದ್ಯಗಳ ಕಟ್ಟಿನ ಬಗ್ಗೆ ಚಂದಾದಾರರು ಹೂಡಿದ ದಾವೆಯಲ್ಲಿ ಕೇಳಿದ್ದು ಹೆಚ್ಚು ಕಡಿಮೆ ಇದನ್ನೇ. 2024ರ ಜೂನಿನಲ್ಲಿ ಜ್ಯೂರಿ 470 ಕೋಟಿ ಡಾಲರ್ ಪರಿಹಾರ ಎಂದಿತು, ಆಗಸ್ಟ್ 1ರಂದು ನ್ಯಾಯಾಧೀಶರು ಆ ತೀರ್ಪನ್ನು ತಳ್ಳಿಹಾಕಿದರು. ಕಾನೂನಿನ ಜಗಳ ಅವರದು. ಜ್ಯೂರಿಯೆಂದರೆ ಸಾಮಾನ್ಯ ಜನ, ಹನ್ನೆರಡು ಮಂದಿಯೂ ಇಲ್ಲದ ಆ ಸಣ್ಣ ಗುಂಪು ವಾರಗಟ್ಟಲೆ ಕೂತು ಕೇಳಿ, ಅಷ್ಟು ದೊಡ್ಡ ಅಂಕಿ ಬರೆದುಕೊಟ್ಟಿತಲ್ಲ, ಆ ಸಿಟ್ಟು ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದೀರಾ?

ಆಗುವುದಿಲ್ಲ ಎನ್ನಬೇಡಿ. ಆಗಿದೆ. ಮೇಜರ್ ಲೀಗ್ ಸಾಕರ್ 2023ರಿಂದ ತನ್ನ ಎಲ್ಲ ಪಂದ್ಯಗಳನ್ನೂ ಬ್ಲ್ಯಾಕೌಟ್ ಇಲ್ಲದೆ ಜಗತ್ತಿಗೆಲ್ಲ ಆಪಲ್ ಟಿವಿಯಲ್ಲಿ ಕೊಟ್ಟಿತು. ಪ್ರಸಾರಕರೇ ಇಲ್ಲದ ದೇಶಗಳಿಗಾಗಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ.ಟಿವಿಯಲ್ಲಿ ತನ್ನ ಟೂರ್ನಿಗಳನ್ನು ತೋರಿಸುತ್ತದೆ. ಬ್ರೆಜಿಲ್‌ನಲ್ಲಿ ಕಾಜೆ ಟಿವಿ 2022ರ ಫುಟ್‌ಬಾಲ್ ವಿಶ್ವಕಪ್ಪಿನ 22 ಪಂದ್ಯಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ, ಕಾನೂನುಬದ್ಧವಾಗಿ ತೋರಿಸಿತು. 2025ರ ಫುಟ್‌ಬಾಲ್ ಕ್ಲಬ್ ವಿಶ್ವಕಪ್ಪಿನ 63 ಪಂದ್ಯಗಳೂ ಡಾಜ್ನ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ ಉಚಿತವಿದ್ದವು. 2023ರ ಏಕದಿನ ವಿಶ್ವಕಪ್ ಫೈನಲ್ ಮೊಬೈಲಿನಲ್ಲಿ ಉಚಿತವಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಒಂದೇ ಕಾಲಕ್ಕೆ 5.9 ಕೋಟಿ ಮಂದಿ ಇದ್ದರು. ಆ ದಿನ ನಮ್ಮ ಗುಂಪಿನಲ್ಲಿ ಲಿಂಕ್ ಕೇಳಿದವರು ಒಬ್ಬರೂ ಇಲ್ಲ. ಯಾಕೆ ಕೇಳುತ್ತಾರೆ?

ಪ್ರಯಾಣದ ವಿಷಯಕ್ಕೂ ಮಾದರಿ ಇದೆ. ಐರೋಪ್ಯ ಒಕ್ಕೂಟದ 2018ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ, ತಾತ್ಕಾಲಿಕವಾಗಿ ಇನ್ನೊಂದು ಸದಸ್ಯ ದೇಶಕ್ಕೆ ಹೋದ ಚಂದಾದಾರನಿಗೆ ಅವನು ಕಟ್ಟಿದ ಸೇವೆ ಅಲ್ಲೂ ಸಿಗಬೇಕು. ಉಳಿದ ಜಗತ್ತಿನಲ್ಲಿ ವಿಮಾನ ಇಳಿದ ಕೂಡಲೇ ಚಂದಾದಾರ ಅಪರಿಚಿತನಾಗುತ್ತಾನೆ. ಹಾಗೆ ಹೊರಬಿದ್ದವನು ವಿಪಿಎನ್ (ಬೇರೆ ದೇಶದಲ್ಲಿರುವಂತೆ ತೋರಿಸುವ ತಂತ್ರ) ಹಾಕಿ ತಾನು ಕಟ್ಟಿದ್ದನ್ನೇ ನೋಡುತ್ತಾನೆ. ಅದು ನಿಮ್ಮ ಕರಾರಿಗೆ ವಿರುದ್ಧ ಎಂಬುದು ನನಗೆ ಗೊತ್ತು. ಆದರೆ ಕಟ್ಟಿದವನನ್ನೂ ಕದ್ದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ.

ಇನ್ನು ನೀವು ಮಾರುವ ಸ್ಟ್ರೀಮಿನ ಗುಣ. ನೇರಪ್ರಸಾರ ಇಂಟರ್ನೆಟ್ಟಿನಲ್ಲಿ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ, ಆಪ್ ಒಂದಿಷ್ಟು ತುಣುಕು ಕೂಡಿಟ್ಟುಕೊಂಡೇ ತೋರಿಸುತ್ತದೆ, ಹಾಗಾಗಿ ಟಿವಿಗಿಂತ ಅರ್ಧ ನಿಮಿಷ ಹಿಂದೆ ಬೀಳುವುದು ಹೊಸತಲ್ಲ. ಅದನ್ನು ಸಹಿಸುತ್ತೇನೆ. 2024ರ ನವೆಂಬರಿನಲ್ಲಿ ಟೈಸನ್–ಪಾಲ್ ಬಾಕ್ಸಿಂಗ್ ಹೊತ್ತಿಗೆ 6.5 ಕೋಟಿ ಸ್ಟ್ರೀಮುಗಳ ಭಾರಕ್ಕೆ ನೆಟ್‌ಫ್ಲಿಕ್ಸೇ ತತ್ತರಿಸಿತು ಎಂದ ಮೇಲೆ ಬಫರಿಂಗನ್ನೂ ಒಂದು ಮಟ್ಟಿಗೆ ಕ್ಷಮಿಸಬಹುದು. ಕ್ಷಮಿಸಲಾಗದ್ದು ಇದು: ನಾನು ಚಂದಾ ಕಟ್ಟಿರುವ ಆಪ್, ನಾನು ಅದರೊಳಗೇ ಪಂದ್ಯ ನೋಡುತ್ತಾ ಕೂತಿರುವಾಗ, ಪರದೆಯ ನೆತ್ತಿಯ ಮೇಲೆ ‘ಗೋಲ್!’ ಎಂದು ನೋಟಿಫಿಕೇಶನ್ ಕಳಿಸುತ್ತದೆ. ಚಿತ್ರದಲ್ಲಿ ಚೆಂಡು ಇನ್ನೂ ಮಧ್ಯಗೆರೆಯಲ್ಲಿದೆ. ಕದ್ದ ಲಿಂಕಿನವನು ಕೂಡ ನನಗೆ ಇಂಥ ದ್ರೋಹ ಮಾಡಿರಲಿಲ್ಲ.

ಪತ್ರ ಬಹಿರಂಗವಾದ್ದರಿಂದ ಜೊತೆಗಾರ ನೋಡುಗರಿಗೂ ಎರಡು ಮಾತು. ‘ನೋಡುವುದು ಅಪರಾಧವಲ್ಲ, ಹಾಕುವುದಷ್ಟೇ ಅಪರಾಧ’ ಎಂದು ನಾವೆಲ್ಲ ಸಮಾಧಾನ ಹೇಳಿಕೊಂಡವರೇ. ಎಲ್ಲ ಕಡೆ ಅದು ನಿಜವಲ್ಲ. ನೋಡುವಾಗ ಯಂತ್ರದಲ್ಲಿ ಕ್ಷಣಕಾಲ ಮೂಡುವ ಪ್ರತಿಗೆ ಕೃತಿಸ್ವಾಮ್ಯ ಕಾನೂನು ಕೊಡುವ ವಿನಾಯಿತಿ, ಅಕ್ರಮ ಮೂಲವೆಂದು ತಿಳಿದೂ ನೋಡುವವನಿಗೆ ಸಿಗದು ಎಂದು ಐರೋಪ್ಯ ನ್ಯಾಯಾಲಯ 2017ರಲ್ಲೇ ಹೇಳಿದೆ. ಪಿಯರ್-ಟು-ಪಿಯರ್ (ನೋಡುಗರಿಂದ ನೋಡುಗರಿಗೆ) ಬಗೆಯ ಸ್ಟ್ರೀಮುಗಳಲ್ಲಂತೂ ನೋಡುವಾತನ ಯಂತ್ರವೇ ಬೇರೆಯವರಿಗೆ ತುಣುಕುಗಳನ್ನು ಕಳಿಸುತ್ತಿರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿರುತ್ತದೆ, ಬೀದಿಗೆಲ್ಲ ಹಂಚುತ್ತಲೂ ಇರುತ್ತದೆ. ಆಟ ನೋಡಲು ‘ಪ್ಲೇಯರ್’ ಇಳಿಸಿಕೊಳ್ಳಿ ಎಂದರೆ, ‘ನೀವು ರೋಬೋಟ್ ಅಲ್ಲ ಎನ್ನಲು ನೋಟಿಫಿಕೇಶನ್‌ಗೆ ಅನುಮತಿ ಕೊಡಿ’ ಎಂದರೆ, ಅಲ್ಲಿಂದ ಎದ್ದು ಬನ್ನಿ. ಲೀಗಿನ ಅಧಿಕೃತ ತಾಣದಲ್ಲಿ ಯಾವ ದೇಶಕ್ಕೆ ಯಾರು ಪ್ರಸಾರಕರು ಎಂಬ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಹುಡುಕುವುದು ಕಷ್ಟ, ಒಪ್ಪುತ್ತೇನೆ, ಕದ್ದ ಲಿಂಕ್ ಹುಡುಕುವುದಕ್ಕಿಂತಲೂ ಕಷ್ಟ. ನನ್ನ ದೂರಿನ ಅರ್ಧ ಭಾಗ ಅದೇ.

ಮತ್ತೆ ನಿಮ್ಮ ಕಡೆಗೆ. ನನ್ನದು ದೊಡ್ಡ ಬೇಡಿಕೆಯಲ್ಲ. ಹಕ್ಕು ಮಾರುವ ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿ: ಕೊಂಡವರು ಯಾವ ಪಂದ್ಯವನ್ನು ತೋರಿಸುವುದಿಲ್ಲವೋ ಆ ಪಂದ್ಯವನ್ನು ಆ ಪ್ರದೇಶದವರಿಗೆ ಲೀಗೇ ಬಿಡಿಯಾಗಿ ಮಾರಬಹುದು. ಹಕ್ಕು ಕೊಂಡು ಪೆಟ್ಟಿಗೆಯಲ್ಲಿ ಮುಚ್ಚಿಡುವ ಹಕ್ಕು ಯಾರಿಗೂ ಬೇಡ. ಒಂದು ಪಂದ್ಯಕ್ಕೆ ಒಂದು ಟಿಕೆಟ್, ಮೈದಾನದಲ್ಲಿ ಹೇಗೋ ಹಾಗೆ.

ಅಷ್ಟೂ ಆಗದಿದ್ದರೆ ಆ ಕಪ್ಪು ಪುಟವನ್ನಾದರೂ ಬದಲಿಸಿ. ‘ಲಭ್ಯವಿಲ್ಲ’ ಎಂಬ ಪದದ ಕೆಳಗೆ ಇಷ್ಟು ಬರೆಯಿರಿ: ಈ ಪಂದ್ಯ ನಿಮ್ಮಲ್ಲಿ ಯಾರ ಬಳಿ ಇದೆ, ಅವರ ಪುಟ ಯಾವುದು, ಪೂರ್ಣ ಮರುಪ್ರಸಾರ ಎಷ್ಟು ಗಂಟೆಗೆ. ಯಾರ ಬಳಿಯೂ ಇಲ್ಲವೆಂದಾದರೆ ಒಂದು ಗುಂಡಿ ಇಡಿ, ‘ನನಗೆ ಈ ಪಂದ್ಯ ಬೇಕು’ ಎಂದು. ಎಷ್ಟು ಜನ ಒತ್ತಿದರು ಎಂದು ಸೀಸನ್ ಮುಗಿದ ಮೇಲೆ ಎಣಿಸಿ, ಮುಂದಿನ ಸಲ ಹಕ್ಕಿನ ಮಾತುಕತೆಗೆ ಕೂರುವಾಗ ಆ ಹಾಳೆಯನ್ನು ಮೇಜಿನ ಮೇಲಿಡಿ.

ಮುಂದಿನ ಪಂದ್ಯ ಶನಿವಾರ. ನನ್ನ ಚಂದಾ ಇನ್ನೂ ಚಾಲ್ತಿಯಲ್ಲಿದೆ.

ಇಂತಿ,
ಲಿಂಕ್ ಕೇಳುವುದನ್ನು ಬಿಟ್ಟ ಒಬ್ಬ ನೋಡುಗ